ಮುಟ್ಟಬಾರದ ಅಕ್ಷರ, ಬೆಳ್ಳಿಯ ಬೆರಳು

(ಬೆಂಗಳೂರಿನಲ್ಲಿ ಹಳೆಯ ನಾಣ್ಯ, ಬೆಳ್ಳಿ ಸಾಮಾನು ಕೂಡಿಡುವ ಗೆಳೆಯರ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಕೈಯಿಂದ ಕೈಗೆ ದಾಟಿಸಿದ್ದನ್ನು ಇಲ್ಲಿ ಮಾತಿನಲ್ಲೇ ತೋರಿಸಬೇಕಾಗಿದೆ.)

ಎಲ್ಲರಿಗೂ ನಮಸ್ಕಾರ. ಮೊದಲ ಸಾಲಿನಿಂದ ಎರಡು ಬೆಳ್ಳಿ ಕಡ್ಡಿಗಳನ್ನು ಕಳುಹಿಸುತ್ತಿದ್ದೇನೆ. ನಿಧಾನವಾಗಿ ನೋಡಿ, ಹಿಂದಿನ ಸಾಲಿಗೆ ದಾಟಿಸಿ. ಎರಡೂ ಒಂದು ಗೇಣಿಗಿಂತ ತುಸು ಉದ್ದ. ಒಂದು ತುದಿಗೆ ಬಳೆ, ಬಳೆಗೆ ಸರಪಳಿ. ಇನ್ನೊಂದು ತುದಿಯಲ್ಲಿ ಪುಟ್ಟದೊಂದು ಬಲಗೈ: ಹೆಬ್ಬೆರಳೂ ಉಳಿದ ಮೂರು ಬೆರಳೂ ಮಡಿಚಿಕೊಂಡಿವೆ, ತೋರುಬೆರಳು ಮಾತ್ರ ನೆಟ್ಟಗೆ ಚಾಚಿದೆ. ಒಂದು ಅಸಲಿ, ಒಂದು ನಕಲಿ. ಯಾವುದು ಯಾವುದೆಂದು ಈಗಲೇ ಹೇಳುವುದಿಲ್ಲ.

ನಮ್ಮ ತಂದೆ ನಗರ್ತಪೇಟೆಯಲ್ಲಿ ಬೆಳ್ಳಿ ಕೆಲಸ ಮಾಡುತ್ತಿದ್ದವರು. ಇದನ್ನು ಮೊದಲ ಸಲ ಅವರ ಕೈಗಿಟ್ಟಾಗ ತಿರುಗಿಸಿ ಮುರುಗಿಸಿ ನೋಡಿ, “ಬೆನ್ನು ಕೆರೆಯುವುದಕ್ಕೆ ಇದು ಗಿಡ್ಡವಾಯಿತಲ್ಲ” ಎಂದಿದ್ದರು. ಕೆರೆಯುವುದಕ್ಕಲ್ಲ, ಓದುವುದಕ್ಕೆ. ಹೀಬ್ರೂ ಭಾಷೆಯಲ್ಲಿ ಇದರ ಹೆಸರು ‘ಯಾದ್’. ಅರ್ಥವೂ ಅಷ್ಟೇ: ಕೈ.

ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ತೋರಾವನ್ನು, ಎಂದರೆ ಮೋಶೆಯ ಐದು ಗ್ರಂಥಗಳನ್ನು, ಅಚ್ಚಾದ ಪುಸ್ತಕದಿಂದ ಪಠಿಸುವುದಿಲ್ಲ. ಚರ್ಮದ ಹಾಳೆಗಳನ್ನು ಹೊಲಿದು ಜೋಡಿಸಿ ಎರಡು ಮರದ ಕೋಲುಗಳಿಗೆ ಸುತ್ತಿದ ಸುರುಳಿಯಿಂದ ಪಠಿಸುತ್ತಾರೆ. ಅದರಲ್ಲಿ 3,04,805 ಅಕ್ಷರಗಳು, ಅಷ್ಟನ್ನೂ ಲಿಪಿಕಾರ ಕೈಯಲ್ಲೇ ಬರೆಯಬೇಕು. ಸ್ವರಚಿಹ್ನೆಗಳಿಲ್ಲ, ಪೂರ್ಣವಿರಾಮವೂ ಇಲ್ಲ. ನಮ್ಮ ಗುಣಿತವನ್ನು ಕಿತ್ತುಹಾಕಿ ಬರಿಯ ‘ಕ-ಮ-ಲ’ ಎಂದು ಬರೆದರೆ ಹೇಗಿರುತ್ತದೆ ಎಣಿಸಿಕೊಳ್ಳಿ. ಕಮಲವೋ, ಕೋಮಲವೋ, ಕಾಮಾಲೆಯೋ ಓದುವವನೇ ತಿಳಿದಿರಬೇಕು. ಹಾಗಾಗಿ ಸಾಲು ತಪ್ಪಬಾರದು, ಕಣ್ಣು ಜಾರಬಾರದು. ಬೆರಳಿಟ್ಟುಕೊಂಡು ಓದೋಣವೆಂದರೆ ಬರಿಗೈಯಲ್ಲಿ ಸುರುಳಿಯನ್ನು ಮುಟ್ಟುವಂತಿಲ್ಲ. ಅದು ಶಾಸ್ತ್ರ. ಅದರ ಬೆನ್ನಿಗೆ ವ್ಯವಹಾರಜ್ಞಾನವೂ ಇದೆ: ಶಾಯಿ ಚರ್ಮದ ಮೇಲೆ ಪದರವಾಗಿ ಕುಳಿತಿರುತ್ತದೆ, ಬೆವರು ತಗುಲಿದರೆ ಏಳುತ್ತದೆ, ಒಂದೇ ಒಂದು ಅಕ್ಷರ ಒಡೆದರೂ ತಿದ್ದಿಸುವವರೆಗೆ ಇಡೀ ಸುರುಳಿ ಪಾರಾಯಣಕ್ಕೆ ನಿಷಿದ್ಧ. ಅದಕ್ಕೇ ಬೆಳ್ಳಿಯ ಬೆರಳು. ಅದನ್ನೂ ಸಾಲಿನ ಮೇಲೆ ಒತ್ತುವುದಿಲ್ಲ, ಕೂದಲೆಳೆಯಷ್ಟು ಎತ್ತರದಲ್ಲಿ ತೇಲಿಸುತ್ತಾರೆ.

ಶನಿವಾರ, ಸೋಮವಾರ, ಗುರುವಾರ ಪಾರಾಯಣ. 54 ಭಾಗಗಳಾಗಿ ಹಂಚಿಕೊಂಡು ವರ್ಷಕ್ಕೆ ಒಂದು ಸುತ್ತು ಮುಗಿಸಿ, ಮುಗಿಸುವ ಹಬ್ಬದ ದಿನವೇ ಮೊದಲಿನಿಂದ ಮತ್ತೆ ಆರಂಭಿಸುತ್ತಾರೆ. ಓದು ಮುಗಿದ ಮೇಲೆ ಸುರುಳಿಗೆ ಉಡಿಸಿ ತೊಡಿಸುವ ಕೆಲಸ. ಪಟ್ಟಿ ಬಿಗಿದು, ನಿಲುವಂಗಿ ಹಾಕಿ, ಎದೆಗೆ ಬೆಳ್ಳಿಯ ಪದಕ ಇಳಿಬಿಟ್ಟು, ಕೋಲುಗಳ ತಲೆಗೆ ಕಿರೀಟವನ್ನೋ ಜೋಡಿ ಕಳಶಗಳನ್ನೋ ಇಟ್ಟು, ಕೊನೆಗೆ ಯಾದ್ ತೂಗುಹಾಕುತ್ತಾರೆ. ವಿಗ್ರಹ ಸಲ್ಲದು ಎನ್ನುವ ಧರ್ಮ ಅಕ್ಷರಕ್ಕೆ ಮಾಡುವ ಅಲಂಕಾರ ನೋಡಿದರೆ ನಮ್ಮ ಉತ್ಸವಮೂರ್ತಿಗಳ ನೆನಪಾಗದೆ ಇರದು. ಈ ಹೋಲಿಕೆ ಯಹೂದಿ ಗೆಳೆಯರಿಗೆ ಅಷ್ಟಾಗಿ ಹಿಡಿಸುವುದಿಲ್ಲ. ನಾನು ಒಮ್ಮೆ ಹೇಳಿ ಬೈಸಿಕೊಂಡಿದ್ದೇನೆ.

ಕಳಶ ಎಂದೆನಲ್ಲ, ಅದರ ನಿಜವಾದ ಹೆಸರು ‘ರಿಮೋನಿಮ್’, ಎಂದರೆ ದಾಳಿಂಬೆಗಳು. ಮಹಾಯಾಜಕನ ನಿಲುವಂಗಿಯ ಅಂಚಿಗೆ ದಾಳಿಂಬೆ ಒಂದು, ಗಂಟೆ ಒಂದು ಎಂದು ಸಾಲಾಗಿ ಹೊಲಿಯಬೇಕೆಂದು ತೋರಾದ ಎರಡನೆಯ ಗ್ರಂಥವಾದ ವಿಮೋಚನಕಾಂಡದಲ್ಲಿ ಇದೆ. ಆ ದಾಳಿಂಬೆ, ಆ ಗಂಟೆ ಎರಡೂ ಈಗ ಸುರುಳಿಯ ತಲೆಗೇರಿವೆ. ಜರ್ಮನಿ, ಇಟಲಿಗಳಲ್ಲಿ ಅವು ಹಣ್ಣಿನ ಆಕಾರ ಬಿಟ್ಟು ಗೋಪುರಗಳಾದವು, ಮಹಡಿ ಮಹಡಿಗೆ ಕಿರುಗಂಟೆಗಳು. ಸುರುಳಿಯನ್ನು ಎತ್ತಿಕೊಂಡು ನಡೆದರೆ ಘಲ್ ಘಲ್ ಎನ್ನುತ್ತದೆ, ಕುಳಿತವರೆಲ್ಲ ಎದ್ದು ನಿಲ್ಲುತ್ತಾರೆ. ಎದೆಪದಕದಲ್ಲೊಂದು ಜಾಣತನವಿದೆ. ಅದರ ನಡುವಿನ ಪುಟ್ಟ ಕಿಟಕಿಯಲ್ಲಿ ಹಬ್ಬಗಳ ಹೆಸರು ಕೆತ್ತಿದ ತಗಡುಗಳನ್ನು ಬದಲಿಸಬಹುದು. ಯಾವ ಸುರುಳಿಯನ್ನು ಯಾವ ದಿನದ ಓದಿಗೆ ಸುತ್ತಿಟ್ಟಿದೆ ಎಂಬುದನ್ನು ಬಿಚ್ಚದೆಯೇ ತಿಳಿಯಲು.

ಬೆಳ್ಳಿಯವನ ಮಗನಾದರೂ ಇವೆಲ್ಲದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಟ್ಟೆಯ ಪಟ್ಟಿ. ಜರ್ಮನಿಯ ಯಹೂದಿಗಳಲ್ಲಿ ಗಂಡು ಮಗುವಿಗೆ ಎಂಟನೆಯ ದಿನ ಸುನ್ನತಿ. ಆಗ ಮಗುವನ್ನು ಸುತ್ತಿದ ಬಟ್ಟೆಯನ್ನು ಒಗೆದು, ನಾಲ್ಕು ಸೀಳು ಮಾಡಿ, ತುದಿಗೆ ತುದಿ ಹೊಲಿದು ಮೂರು ಮೀಟರಿಗೂ ಉದ್ದದ ಪಟ್ಟಿ ಮಾಡುತ್ತಿದ್ದರು. ಅದರ ಮೇಲೆ ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಜೊತೆಗೆ ಒಂದು ಹಾರೈಕೆ: ತೋರಾಕ್ಕೆ, ಮದುವೆಯ ಹಂದರಕ್ಕೆ, ಒಳ್ಳೆಯ ಕೆಲಸಗಳಿಗೆ ಈ ಮಗು ಬೆಳೆಯಲಿ. ಎಷ್ಟೋ ಪಟ್ಟಿಗಳಲ್ಲಿ ಹುಟ್ಟಿದ ತಿಂಗಳ ರಾಶಿಯನ್ನೂ ಕಸೂತಿ ಮಾಡಿದ್ದಾರೆ: ಮೀನು, ತಕ್ಕಡಿ, ಚೇಳು. ಮಗು ನಡೆಯುವಷ್ಟಾದ ಮೇಲೆ ಅದರ ಕೈಯಿಂದಲೇ ಪಟ್ಟಿಯನ್ನು ಸಿನಗಾಗ್‌ಗೆ ಒಪ್ಪಿಸುತ್ತಿದ್ದರು, ಆಮೇಲೆ ಅದು ಸುರುಳಿಗೆ ಬಿಗಿಯುವ ಪಟ್ಟಿ. ಇದಕ್ಕೆ ‘ವಿಂಪೆಲ್’ ಎಂದು ಹೆಸರು. ಒಂದು ಊರಿನ ವಿಂಪೆಲ್‌ಗಳನ್ನು ವರ್ಷವಾರು ಜೋಡಿಸಿದರೆ ಆ ಊರಿನ ಗಂಡುಮಕ್ಕಳ ಜನನ ದಾಖಲೆಯೇ ಆಗಿಬಿಡುತ್ತದೆ. ಅಂಗಡಿಯಲ್ಲಿ ಒಂದೇ ಒಂದು ತೂಗುಹಾಕಿರುವುದನ್ನು ಕಂಡಾಗ, ಹೊಲಿಗೆಯ ಮೂಲೆಯಲ್ಲಿ ಮಗುವಿನ ಹೆಸರಿನ ಮೊದಲ ಅಕ್ಷರ ಕಣ್ಣಿಗೆ ಬಿದ್ದಾಗ, ಬೆಲೆ ಕೇಳಲು ನನಗೆ ಬಾಯಿ ಬರಲಿಲ್ಲ. ಕೊಳ್ಳಲಿಲ್ಲ.

ಇನ್ನು ಕಡ್ಡಿಗಳಿಗೆ ಬರೋಣ. ಎರಡೂ ಈಗ ಮೂರನೆಯ ಸಾಲಿನಲ್ಲಿರಬೇಕು.

ಯುರೋಪಿನ ಹೆಚ್ಚಿನ ನಗರಗಳಲ್ಲಿ ಯಹೂದಿಗಳಿಗೆ ಕಸುಬುದಾರರ ಸಂಘಗಳೊಳಗೆ ಪ್ರವೇಶವಿರಲಿಲ್ಲ. ಆದ್ದರಿಂದ 17, 18ನೆಯ ಶತಮಾನಗಳ ಜರ್ಮನಿಯ ಯಹೂದಿ ಪೂಜಾ ಬೆಳ್ಳಿಯಲ್ಲಿ ಬಹುಪಾಲು ಕ್ರೈಸ್ತ ಅಕ್ಕಸಾಲಿಗರ ಕೈಕೆಲಸ. ಬೆಳ್ಳಿಯ ಮೇಲೆ ಹೊಡೆಯುವ ಮುದ್ರೆ ಊರಿಗೊಂದು: ಆಗ್ಸ್‌ಬರ್ಗ್‌ನದು ಪೈನ್ ಮರದ ಕಾಯಿ, ನ್ಯೂರೆಂಬರ್ಗ್‌ನದು ‘ಎನ್’ ಅಕ್ಷರ, ಫ್ರಾಂಕ್‌ಫರ್ಟ್‌ನದು ಹದ್ದು. ಇದರಿಂದ ಒಂದು ತಮಾಷೆಯಾಗುತ್ತದೆ. ಹೀಬ್ರೂ ಬಾರದ ಅಕ್ಕಸಾಲಿಗ ಗಿರಾಕಿ ಕೊಟ್ಟ ಚೀಟಿ ನೋಡಿಕೊಂಡು ಅಕ್ಷರ ಕೆತ್ತಬೇಕು. ತಪ್ಪಾಗದೆ ಇರುತ್ತದೆಯೇ? ಅಪ್ಪಟ ಹಳೆಯ ವಸ್ತುಗಳಲ್ಲೂ ಅಕ್ಷರ ತಲೆಕೆಳಗಾಗಿರುವುದುಂಟು. ಆದ್ದರಿಂದ ಬರವಣಿಗೆ ತಪ್ಪಿದ ಮಾತ್ರಕ್ಕೆ ಮಾಲು ನಕಲಿ ಎನ್ನಬೇಡಿ. ಈ ಪಾಠ ನನಗೆ ದುಡ್ಡು ಕೊಟ್ಟು ಸಿಕ್ಕಿದ್ದು, ಅದೂ ಉಲ್ಟಾ ದಿಕ್ಕಿನಿಂದ.

ಮಗಳ ಮನೆಗೆ ಯುರೋಪಿಗೆ ಹೋಗಿದ್ದಾಗ ಭಾನುವಾರದ ಹಳೆ ಸಾಮಾನಿನ ಸಂತೆಯೊಂದರಲ್ಲಿ ಮೊದಲ ಯಾದ್ ಕೊಂಡೆ. ಮೇಲೆ ‘84’ ಎಂಬ ಮುದ್ರೆ. ರಷ್ಯನ್ ಲೆಕ್ಕದಲ್ಲಿ ಅಪ್ಪಟ ಬೆಳ್ಳಿ 96 ಭಾಗ, 84 ಎಂದರೆ ಸಾವಿರಕ್ಕೆ 875. ಪಕ್ಕದಲ್ಲಿ ಹೀಬ್ರೂ ಬರಹ. ತೋರಾಕ್ಕೆ ಅರ್ಪಿತ ಎಂದು ಬರೆದಿದೆ ಎಂದ ಅಂಗಡಿಯವನು. ಊರಿಗೆ ತಂದು ಹೀಬ್ರೂ ಬಲ್ಲ ಮಿತ್ರರಿಗೆ ತೋರಿಸಿದರೆ ಅವರು ಬಿದ್ದು ಬಿದ್ದು ನಕ್ಕರು. ಹೀಬ್ರೂವಿನ ‘ರೇಶ್’ಗೂ ‘ದಾಲೆತ್’ಗೂ ಇರುವ ವ್ಯತ್ಯಾಸ ಬಲಗಡೆ ಮೂಲೆಯಲ್ಲಿ: ರೇಶ್ ಆದರೆ ದುಂಡು, ದಾಲೆತ್ ಆದರೆ ಚೂಪು. ಆ ಮೂಲೆ ಚೂಪಾಗಿತ್ತು. ‘ತೋರಾ’ ಹೋಗಿ ‘ತೋದಾ’ ಆಗಿತ್ತು. ತೋದಾ ಎಂದರೆ ಧನ್ಯವಾದ. ಅಷ್ಟು ಹಣ ಎಣಿಸಿದವನಿಗೆ ಧನ್ಯವಾದ ಹೇಳಿದ ವಸ್ತು ಇನ್ನೊಂದಿರಲಿಕ್ಕಿಲ್ಲ.

ಈ ಎರಡು ಅಕ್ಷರಗಳ ಭಯ ಯಹೂದಿ ಲಿಪಿಕಾರರಿಗೆ ಹಳೆಯದು. ತೋರಾದ ಕೊನೆಯ ಗ್ರಂಥ ಧರ್ಮೋಪದೇಶಕಾಂಡದ ‘ದೇವರು ಒಬ್ಬನೇ’ ಎಂಬ ವಾಕ್ಯದ ಕೊನೆಯ ದಾಲೆತ್ ಅನ್ನು ಸುರುಳಿಯಲ್ಲಿ ಬೇಕೆಂದೇ ದಪ್ಪಗೆ ಬರೆಯುತ್ತಾರೆ. ಅದು ರೇಶ್ ಆಗಿಬಿಟ್ಟರೆ ‘ಒಬ್ಬ’ ಹೋಗಿ ‘ಬೇರೊಬ್ಬ’ ಆಗುತ್ತಾನೆ.

ನಾನು ಜಗ್ಗಲಿಲ್ಲ. ಕ್ರೈಸ್ತ ಅಕ್ಕಸಾಲಿಗನ ತಪ್ಪಿರಬಹುದಲ್ಲ ಎಂದು ವಾದಿಸಿದೆ. ಕೊನೆಗೆ ತಂದೆಯವರೇ ಬಾಯಿ ಮುಚ್ಚಿಸಿದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮುದ್ರೆಯನ್ನು ನೋಡಿ, “ಇದು ಹೊಡೆದ ಮುದ್ರೆಯಲ್ಲ, ಎರಕದ ಮುದ್ರೆ” ಎಂದರು. ಮುದ್ರೆಯನ್ನು ಉಕ್ಕಿನ ಅಚ್ಚಿನಿಂದ ಹೊಡೆಯುತ್ತಾರೆ. ಅಂಚು ಕತ್ತರಿಸಿದಂತೆ ಇರಬೇಕು, ತಳ ನುಣ್ಣಗಿರಬೇಕು, ಬೆಳ್ಳಿ ತೆಳುವಾಗಿದ್ದರೆ ಹಿಂಬದಿ ತುಸು ಉಬ್ಬಿರಬೇಕು. ಇಲ್ಲಿ ಅಂಕಿಯ ಅಂಚು ಕರಗಿದ ಬೆಣ್ಣೆಯಂತೆ, ತಳದಲ್ಲಿ ಸೂಜಿಮೊನೆಯ ತೂತುಗಳು. ಯಾರೋ ಅಸಲಿ ಯಾದ್ ಒಂದರಿಂದ ಅಚ್ಚು ತೆಗೆದು ಎರಕ ಹೊಯ್ದಿದ್ದಾರೆ, ಮುದ್ರೆಯೂ ಅದರ ಜೊತೆಗೇ ಎರಕವಾಗಿದೆ. ಬರಹ ಮಾತ್ರ ಆಮೇಲಿನ ಕೆತ್ತನೆ. ಗೊತ್ತಾಯಿತಲ್ಲ? ನಿಮ್ಮಲ್ಲಿ ಬೆರಳಿನ ಮಣಿಕಟ್ಟಿನ ಬಳಿ 84 ಇರುವುದು ಯಾರ ಕೈಯಲ್ಲಿದೆಯೋ ಅವರು ನಕಲಿ ಹಿಡಿದಿದ್ದೀರಿ.

ಇಸವಿ ಓದುವುದನ್ನೂ ಕಲಿತಿರಬೇಕು. ಹೀಬ್ರೂವಿನಲ್ಲಿ ಅಕ್ಷರಗಳೇ ಅಂಕಿಗಳು. ತಾವ್ 400, ಕೋಫ್ 100, ಮೇಮ್ 40, ಬೇತ್ 2. ಈ ನಾಲ್ಕು ಅಕ್ಷರ ಕಂಡರೆ 542. ಸಾವಿರದ ಸ್ಥಾನದ 5ನ್ನು ಬರೆಯದೆ ಬಿಡುವುದು ರೂಢಿ, ಹಾಗಾಗಿ ಅದು 5542. ಬರೆದಿರುವ ಮೂರಂಕಿಗೆ 1240 ಕೂಡಿಸಿದರೆ ಕ್ರಿಸ್ತಶಕ, 1782. ಅವರ ಹೊಸ ವರ್ಷ ಶರತ್ಕಾಲದಲ್ಲಿ ಬರುವುದರಿಂದ 1781 ಕೂಡ ಇರಬಹುದು. ಕೆಲವರು ಬೈಬಲಿನ ಒಂದು ವಾಕ್ಯ ಕೆತ್ತಿ, ಕೆಲವು ಅಕ್ಷರಗಳ ಮೇಲೆ ಚುಕ್ಕೆ ಇಟ್ಟಿರುತ್ತಾರೆ. ಚುಕ್ಕೆ ಇರುವುದನ್ನಷ್ಟೇ ಕೂಡಿಸಬೇಕು. ಕಟಪಯಾದಿ ಸೂತ್ರದಿಂದ ಮೇಳಕರ್ತ ರಾಗದ ಸಂಖ್ಯೆ ಹಿಡಿಯುವ ನಮ್ಮ ಸಂಗೀತದವರಿಗೆ ಇದು ನೀರು ಕುಡಿದಷ್ಟು ಸುಲಭ. ಆದರೆ ಆ ಇಸವಿ ದಾನ ಕೊಟ್ಟ ವರ್ಷದ್ದು, ವಸ್ತು ಅದಕ್ಕಿಂತ ಹಳೆಯದಿರಬಹುದು. ಉಲ್ಟಾ ಆದರೆ ಮಾತ್ರ ಕಿವಿ ನಿಮಿರಬೇಕು: 1790ರ ಬರಹ, ಪಕ್ಕದಲ್ಲಿ ಶಿರೋಭೂಷಣ ತೊಟ್ಟ ಹೆಂಗಸಿನ ತಲೆಯ ರಷ್ಯನ್ ಮುದ್ರೆ. ಆ ತಲೆ ಬಳಕೆಗೆ ಬಂದದ್ದೇ 1899ರಲ್ಲಿ.

ಎರಡನೆಯ ಯಾದ್ ನೋಡಿ. ಅದರಲ್ಲಿ ‘13’ ಎಂದಿದೆ, ಹಳೆಯ ವಿಯೆನ್ನಾ ಲೆಕ್ಕ: ಹದಿನಾರಾಣೆಗೆ ಹದಿಮೂರಾಣೆ ಬೆಳ್ಳಿ ಎಂದಿಟ್ಟುಕೊಳ್ಳಿ. ಕೆಲಸ ಅಂಥ ನಾಜೂಕಿನದಲ್ಲ, ನಕಲಿಯಲ್ಲಿರುವ ಕೈ ಇದಕ್ಕಿಂತ ಚೆಂದ. ಆದರೆ ಬೆರಳಿನ ತುದಿಯನ್ನು ಬೆಳಕಿಗೆ ಹಿಡಿಯಿರಿ. ಉಗುರು ಇತ್ತೆಂಬುದರ ಗುರುತಷ್ಟೇ ಉಳಿದಿದೆ. ಹಿಡಿಯುವ ಜಾಗದಲ್ಲಿ ತಿರುಚಿದ ಗೆರೆಗಳು ಒಂದು ಮಗ್ಗುಲಿಗೆ ಮಾತ್ರ ಸವೆದಿವೆ, ಹೆಬ್ಬೆರಳು ಊರುವ ಮಗ್ಗುಲಿಗೆ. ಸರಪಳಿಯ ಕೊಂಡಿಗಳು ಒಂದಕ್ಕೊಂದು ಉಜ್ಜಿ ಒಳಗಿನಿಂದ ತೆಳ್ಳಗಾಗಿವೆ. ಈ ಸವೆತವನ್ನು ಮರಳುಕಾಗದದಿಂದ ತರಲಾಗದು, ಅದು ಎಲ್ಲ ಕಡೆಯೂ ಒಂದೇ ಸಮ ಉಜ್ಜುತ್ತದೆ. ದಯವಿಟ್ಟು ಹಳೆಯ ಬೆಳ್ಳಿಗೆ ಪಾಲಿಷ್ ಕೊಡಿಸಬೇಡಿ. ಅಂಗಡಿಯವರು ಕನ್ನಡಿಯಂತೆ ಮಾಡಿಕೊಡುತ್ತೇನೆ ಎನ್ನುತ್ತಾರೆ, ಮಾಡಿಯೂ ಕೊಡುತ್ತಾರೆ, ನೂರು ವರ್ಷದ ಓದು ಅರ್ಧ ಗಂಟೆಯಲ್ಲಿ ಹೊರಟುಹೋಗುತ್ತದೆ.

ಇಷ್ಟು ಹೊತ್ತು ‘ಎಷ್ಟು ಹಳೆಯದು’ ಎಂಬ ಪ್ರಶ್ನೆಯ ಸುತ್ತ ತಿರುಗಿದೆ. ನನ್ನ ಅನುಭವದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಇದು ಸುರುಳಿಯ ಮೈಯಿಂದ ಇಳಿದು ಮಾರುಕಟ್ಟೆಗೆ ಬಂದದ್ದು ಹೇಗೆ?

ಗೊತ್ತಿರುವ ಅತಿ ಹಳೆಯ ರಿಮೋನಿಮ್ ಜೋಡಿ 15ನೆಯ ಶತಮಾನದ್ದು, ಸಿಸಿಲಿಯ ಕಮ್ಮರಾತಾ ಊರಿನದು. ಈಗ ಎಲ್ಲಿದೆ? ಸ್ಪೇನಿನ ಮಯೋರ್ಕಾ ದ್ವೀಪದ ಪಾಲ್ಮಾ ಪಟ್ಟಣದ ಕ್ಯಾಥೆಡ್ರಲ್ ಭಂಡಾರದಲ್ಲಿ. ಯಹೂದಿಗಳನ್ನು ಹೊರಹಾಕಿದ ಸ್ಪೇನಿನ ಅರಸರ 1492ರ ಆಜ್ಞೆಯಿಂದ ಸಿಸಿಲಿಯವರು ದ್ವೀಪ ಬಿಟ್ಟರು, ದಾಳಿಂಬೆಗಳು ಚರ್ಚಿನ ಮೆರವಣಿಗೆಯ ಕೋಲುಗಳ ತಲೆಗೇರಿದವು.

ಈ ವಸ್ತುಗಳನ್ನು ಕಲೆಯೆಂದು ಕೂಡಿಟ್ಟು ಜನರೆದುರು ಇಟ್ಟವರಲ್ಲಿ ಮೊದಲಿಗ ಇಸಾಕ್ ಸ್ಟ್ರಾಸ್. ಮೂರನೆಯ ನೆಪೋಲಿಯನ್ನನ ಅರಮನೆಯ ನೃತ್ಯಕೂಟಗಳಿಗೆ ವಾದ್ಯವೃಂದ ನಡೆಸುತ್ತಿದ್ದವನು. 1878ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ತನ್ನ 82 ವಸ್ತುಗಳನ್ನು ಇಟ್ಟ. ಮಾನವಶಾಸ್ತ್ರಜ್ಞ ಕ್ಲಾಡ್ ಲೆವಿ-ಸ್ಟ್ರಾಸ್ ಇವನ ಮರಿಮಗ. ಕೂಡಿಡುವ ಹುಚ್ಚು ಆ ಮನೆತನದಲ್ಲಿ ರೂಪ ಬದಲಿಸಿಕೊಂಡು ಉಳಿಯಿತು ಎಂದು ನಾನು ನಗೆಯಾಡುವುದುಂಟು.

ಆಮೇಲಿನ ಕತೆಯಲ್ಲಿ ನಗೆಯಿಲ್ಲ. ಬಾಲ್ಟಿಕ್ ಕಡಲತೀರದ ಡಾನ್ಸಿಗ್ ನಗರದ ಯಹೂದಿಗಳು 1939ರಲ್ಲಿ ತಮ್ಮ ದೊಡ್ಡ ಸಿನಗಾಗ್ ಅನ್ನು ಮಾರಿ ಊರು ಬಿಡುವ ಖರ್ಚಿಗೆ ಹಣ ಹೊಂದಿಸಬೇಕಾಯಿತು. ಬೆಳ್ಳಿ, ಬಟ್ಟೆ ಎಲ್ಲವನ್ನೂ ಹತ್ತು ಪೆಟ್ಟಿಗೆಗಳಲ್ಲಿ ತುಂಬಿ ನ್ಯೂಯಾರ್ಕಿಗೆ ಕಳುಹಿಸಿದರು. ತೂಕ ಎರಡು ಟನ್‌ಗೂ ಹೆಚ್ಚು. ಜೊತೆಗೊಂದು ಷರತ್ತು: 15 ವರ್ಷ ಕಳೆದ ಮೇಲೆ ಡಾನ್ಸಿಗ್‌ನಲ್ಲಿ ನಿರ್ಭಯವಾಗಿ ಬದುಕುವ ಯಹೂದಿಗಳಿದ್ದರೆ ಹಿಂದಿರುಗಿಸಬೇಕು, ಇಲ್ಲದಿದ್ದರೆ ಅಲ್ಲೇ ಇರಲಿ. ಪೆಟ್ಟಿಗೆಗಳು ಹಿಂದಿರುಗಲಿಲ್ಲ. ನ್ಯೂಯಾರ್ಕಿನ ಜ್ಯೂಯಿಷ್ ಮ್ಯೂಸಿಯಂನಲ್ಲಿವೆ.

ಪ್ರಾಗ್‌ನಲ್ಲಿ ಆದದ್ದು ಇನ್ನೂ ವಿಚಿತ್ರ. ನಾಜಿಗಳು ಬೊಹೆಮಿಯಾ, ಮೊರಾವಿಯಾಗಳ 153 ಯಹೂದಿ ಸಮುದಾಯಗಳನ್ನು ಬರಿದು ಮಾಡುತ್ತಿದ್ದಾಗ, ಅಲ್ಲಿನ ಪೂಜಾ ಸಾಮಗ್ರಿಯೆಲ್ಲ 1942ರಿಂದ ಪ್ರಾಗ್‌ನ ಯಹೂದಿ ಮ್ಯೂಸಿಯಂಗೆ ಬಂದು ಬಿತ್ತು. ಯಹೂದಿ ವಿದ್ವಾಂಸರೇ ಕುಳಿತು ಒಂದೊಂದಕ್ಕೂ ಸಂಖ್ಯೆ ಕೊಟ್ಟು ಚೀಟಿ ಬರೆದರು. ಲಕ್ಷಕ್ಕೂ ಮೀರಿದ ಚೀಟಿಗಳು. ಬರೆದವರಲ್ಲಿ ಹೆಚ್ಚಿನವರು ತಾವೂ ನಾಜಿ ಶಿಬಿರಗಳಿಗೆ ಸಾಗಹಾಕಲ್ಪಟ್ಟರು. ಯಾವ ಊರಿನದು, ಅಳತೆ ಎಷ್ಟು, ಎಲ್ಲಿ ಬಿರುಕು ಬಿಟ್ಟಿದೆ ಎಂದು ಅಷ್ಟು ಶಿಸ್ತಾಗಿ ಬರೆದಿಟ್ಟ ಆ ಕೈಗಳ ಬಗ್ಗೆ ಯೋಚಿಸಿದರೆ ನನ್ನ ಕಪಾಟಿನ ಪಟ್ಟಿ ನಾಚಿಕೆ ತರಿಸುತ್ತದೆ. ಅಲ್ಲಿನ 1,564 ಸುರುಳಿಗಳು 1964ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಿನಗಾಗ್ ತಲುಪಿದವು. ಕೆಲಸ ಹುಡುಕುತ್ತ ಬಂದ ಡೇವಿಡ್ ಬ್ರಾಂಡ್ ಎಂಬ ಲಿಪಿಕಾರ, ದುರಸ್ತಿಗೆ ಸುರುಳಿ ಏನಾದರೂ ಇದೆಯೇ ಎಂದು ಬಾಗಿಲು ತಟ್ಟಿದನಂತೆ. ಒಳಗೆ ಬಂದವನಿಗೆ ಎರಡು ದಶಕಕ್ಕೂ ಮೀರಿ ಅಲ್ಲೇ ಕೆಲಸವಾಯಿತು.

ಎಲ್ಲವೂ ಲೂಟಿಯ ಕತೆಯೇ ಅಲ್ಲ, ಆಸ್ತಿ ಜಗಳವೂ ಇದೆ. ಅಮೆರಿಕದ ನ್ಯೂಪೋರ್ಟ್‌ನಲ್ಲಿ 1763ರ ಟೌರೊ ಸಿನಗಾಗ್ ಇದೆ. ಅಲ್ಲಿನ ಒಂದು ಜೋಡಿ ರಿಮೋನಿಮ್ ಮಾಡಿದವನು ಮೈಯರ್ ಮೈಯರ್ಸ್, ನ್ಯೂಯಾರ್ಕಿನ ಯಹೂದಿ ಅಕ್ಕಸಾಲಿಗ. ಸಿನಗಾಗ್ ನಡೆಸುವ ಸಮುದಾಯಕ್ಕೆ ಹಣದ ಮುಗ್ಗಟ್ಟು ಬಂದು, ಆ ಜೋಡಿಯನ್ನು ಬಾಸ್ಟನ್ನಿನ ಕಲಾ ಮ್ಯೂಸಿಯಂಗೆ 74 ಲಕ್ಷ ಡಾಲರಿಗೆ ಮಾರಲು ಹೊರಟರು. ನ್ಯೂಪೋರ್ಟ್ ಖಾಲಿಯಾಗಿದ್ದ ಕಾಲದಲ್ಲಿ ಅದನ್ನೆಲ್ಲ ಕಾಪಾಡಿದ್ದ ನ್ಯೂಯಾರ್ಕಿನ ಶಿಯರಿತ್ ಇಸ್ರೇಲ್ ಸಮುದಾಯ ಅದು ತನ್ನದೆಂದು ತಡೆಯಿತು. 2016ರಲ್ಲಿ ಕೆಳ ನ್ಯಾಯಾಲಯದಲ್ಲಿ ನ್ಯೂಪೋರ್ಟ್ ಗೆದ್ದಿತು, 2017ರಲ್ಲಿ ಮೇಲ್ಮನವಿಯಲ್ಲಿ ನ್ಯೂಯಾರ್ಕ್ ಗೆದ್ದಿತು, 2019ರಲ್ಲಿ ಸುಪ್ರೀಂ ಕೋರ್ಟ್ ಕೈಹಾಕಲು ಒಪ್ಪಲಿಲ್ಲ. ಕೋರ್ಟಿಗಿಂತ ಬಹಳ ಮೊದಲೇ ಮಿಷ್ನಾ ಎಂಬ ಅವರ ಧರ್ಮಸಂಹಿತೆಯಲ್ಲಿ ಇದಕ್ಕೆ ಏಣಿ ಕಟ್ಟಿಟ್ಟಿದ್ದಾರೆ: ಊರ ಚೌಕ ಮಾರಿದ ಹಣದಲ್ಲಿ ಸಿನಗಾಗ್ ಕೊಳ್ಳಬಹುದು, ಸಿನಗಾಗ್ ಮಾರಿ ಸುರುಳಿಯ ಪೆಟ್ಟಿಗೆ, ಪೆಟ್ಟಿಗೆ ಮಾರಿ ಸುರುಳಿಯ ಬಟ್ಟೆ, ಬಟ್ಟೆ ಮಾರಿ ಗ್ರಂಥ, ಗ್ರಂಥ ಮಾರಿ ತೋರಾ. ಮೇಲೇರಬಹುದು, ಇಳಿಯುವಂತಿಲ್ಲ. ಸಂಗ್ರಾಹಕ ಈ ಏಣಿಯ ಯಾವ ಮೆಟ್ಟಿಲಲ್ಲಿದ್ದಾನೆ ಎಂದು ಮಿಷ್ನಾ ಹೇಳುವುದಿಲ್ಲ. ನೆಲದ ಮೇಲೆ ನಿಂತು ಏಣಿ ಹಿಡಿದುಕೊಂಡಿದ್ದಾನೆ ಎಂದು ನನ್ನ ಅನಿಸಿಕೆ.

ನಮ್ಮ ಮಗ್ಗುಲಿಗೆ ಬಂದರೆ, ಕೊಚ್ಚಿಯ 1568ರ ಪರದೇಸಿ ಸಿನಗಾಗ್‌ನಲ್ಲಿ ತಿರುವಾಂಕೂರಿನ ಅರಸರು ಕೊಟ್ಟ ಚಿನ್ನದ ತೋರಾ ಕಿರೀಟವಿದೆ. ಅದೇ ಕೊಚ್ಚಿಯ ಕಡವುಂಭಾಗಂ ಸಿನಗಾಗ್‌ನ ಒಳಾಂಗಣ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿದೆ. ಮುಂಬಯಿಯ ಬಾಗ್ದಾದಿ ಯಹೂದಿಗಳು ಸುರುಳಿಗೆ ನಿಲುವಂಗಿ ತೊಡಿಸುವುದಿಲ್ಲ, ‘ತೀಕ್’ ಎಂಬ ಗಟ್ಟಿ ಸಂಪುಟದಲ್ಲಿ ನಿಲ್ಲಿಸಿಯೇ ಓದುತ್ತಾರೆ. ಕರ್ನಾಟಕದ ನಂಟಿರುವ ಕತೆಯೊಂದು ಕೊಂಕಣ ತೀರದ ಯಹೂದಿಗಳಾದ ಬೆನೆ ಇಸ್ರೇಲರದು. ಕಂಪನಿ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ದಿವೇಕರ್ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾದ. ಬೆನೆ ಇಸ್ರೇಲ್ ಎಂಬ ಹೆಸರು ಕುರಾನಿನಲ್ಲಿದೆಯೆಂದು ಟಿಪ್ಪುವಿನ ತಾಯಿ ಅವನನ್ನು ಉಳಿಸಿದಳು ಎಂದು ಅವರು ಹೇಳುತ್ತಾರೆ. ಬಿಡುಗಡೆಯಾದವನು ಹರಕೆ ತೀರಿಸಲು 1796ರಲ್ಲಿ ಮುಂಬಯಿಯ ಮೊದಲ ಸಿನಗಾಗ್ ಕಟ್ಟಿಸಿದ. ಮರುವರ್ಷ ಅದಕ್ಕೆ ಸುರುಳಿಗಳನ್ನು ತರಲೆಂದು ಕೊಚ್ಚಿಗೆ ಹೋದವನು ಅಲ್ಲೇ ತೀರಿಕೊಂಡನಂತೆ.

ಒಂದು ಕಾನೂನಿನ ಮಾತು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಕೊಚ್ಚಿಯ ಅಂಗಡಿಗಳಲ್ಲಿ ‘ಹಳೆಯ ಯಹೂದಿ ಮನೆಯದು’ ಎಂದು ಪಿಸುಗುಟ್ಟುವವರಿದ್ದಾರೆ. ಅದು ನಿಜವಾದರೆ ಪೇಚು, ಸುಳ್ಳಾದರೆ ನಷ್ಟ.

ಎರಡನೆಯ ಯಾದ್ ಕೊಳ್ಳುವಾಗ ನಾನು ಆರು ತಿಂಗಳು ತಡೆದೆ. ಮಾರುವವರು ತಮ್ಮ ಅಜ್ಜ ಹಡಗು ಹತ್ತಿದಾಗಿನ ಸಾಮಾನಿನ ಪಟ್ಟಿ ಹುಡುಕಿ ತೆಗೆದರು. ಎರಡು ಕಂಬಳಿ, ಒಂದು ಹೊಲಿಗೆ ಯಂತ್ರ, ಆರು ಚಮಚ, ‘ಓದುವ ಕಡ್ಡಿ 1’. ಆಮೇಲೆ ಹಣ ಕೊಟ್ಟೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಹಿರಿಯರೊಬ್ಬರು, ಆ ನಕಲಿಯನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ, ಕರಗಿಸಬಾರದೇ ಎಂದರು. ಕರಗಿಸಲು ಮೊಮ್ಮಗಳು ಬಿಡುವುದಿಲ್ಲ ಎಂದೆ. ಒಂದನೆಯ ತರಗತಿಯವಳು, ದಿನಾ ಸಂಜೆ ಅದನ್ನು ಹಿಡಿದು ಕಾಗುಣಿತದ ಸಾಲು ತೋರಿಸಿಕೊಂಡು ಓದುತ್ತಾಳೆ. ಅವಳದು ತೇಲಿಸುವ ಪದ್ಧತಿಯಲ್ಲ, ಒತ್ತಿ ಉಜ್ಜುವುದು. ಮೊನ್ನೆ ಬೆಳಕಿಗೆ ಹಿಡಿದು ನೋಡಿದೆ. ಉಗುರಿನ ಅಂಚು ಒಂದು ಮಗ್ಗುಲಿಗೆ ಸವೆಯತೊಡಗಿದೆ.